ಮೂಳೆಯೊಳಗಿನ ಗಂತಿ: ಸೌಮ್ಯವೋ, ಮಾರಕವೋ?

ಹದಿಮೂರು ಹದಿನಾಲ್ಕು ವಯಸ್ಸಿನ ನಿಮ್ಮ ಮಗ ಒಂದು ತಿಂಗಳಿನಿಂದ ಮಂಡಿನೋವು ಎನ್ನುತ್ತಿದ್ದಾನೆ. ಆಟದಲ್ಲಿ ಬಿದ್ದಿರಬೇಕೆಂದು ಮುಲಾಮು ಹಚ್ಚಿದ್ದಾಯಿತು, ಬಿಸಿನೀರಿನ ಶಾಖ ಕೊಟ್ಟದ್ದಾಯಿತು. ನೋವು ಕಡಿಮೆಯಾಗದೆ, ಮಂಡಿಯ ಮೇಲ್ಭಾಗ ಸ್ವಲ್ಪ ಊದಿಕೊಂಡಂತೆಯೂ ಕಂಡಿದೆ. ಕೊನೆಗೆ ಡಾಕ್ಟರಲ್ಲಿಗೆ ಕರೆದೊಯ್ಯುತ್ತೀರಿ. ಅವರು ಎಕ್ಸ್-ರೇ ತೆಗೆಸಿ, ಬೆಳಕಿಗೆ ಹಿಡಿದು ನೋಡಿ, 'ಮೂಳೆಯಲ್ಲಿ ಒಂದು ಗಡ್ಡೆಯ ಹಾಗೆ ಕಾಣುತ್ತಿದೆ, ಒಂದು ಎಂ.ಆರ್.ಐ. ಮಾಡಿಸಿ' ಎನ್ನುತ್ತಾರೆ. ಅಂದು ರಾತ್ರಿ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ. ಎಲ್ಲರ ಮನಸ್ಸಿನಲ್ಲಿಯೂ ಒಂದೇ ಪ್ರಶ್ನೆ: ಇದು ಕ್ಯಾನ್ಸರ್ ಇರಬಹುದೇ? ಸ್ಕ್ಯಾನ್ ಮಾಡಿಸಿಬಿಟ್ಟರೆ ಹೌದೋ ಅಲ್ಲವೋ ಎಂಬುದು ತಿಳಿದುಹೋಗುತ್ತದಲ್ಲವೆ?

ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಎಂ.ಆರ್.ಐ. ಬಹಳ ಸಂಗತಿಗಳನ್ನು ಹೇಳುತ್ತದೆ. ಕೆಲವು ಗಂತಿಗಳನ್ನು ನೋಡಿದೊಡನೆಯೇ 'ಇದು ನಿರುಪದ್ರವಿ' ಎಂದು ಹೇಳಲು ಅದರಿಂದ ಸಾಧ್ಯ. ಇನ್ನು ಕೆಲವನ್ನು 'ಅನುಮಾನಾಸ್ಪದ' ಎಂದಷ್ಟೇ ಹೇಳಬಲ್ಲದು. ಮತ್ತೆ ಕೆಲವು ಸಲ ಏನೂ ಅಲ್ಲದ ಗಂತಿಯನ್ನು ಭಯಂಕರವಾಗಿ ತೋರಿಸಿ ಹೆದರಿಸುವುದೂ ಉಂಟು. ಹೀಗಾಗಿ ಈ ಪರೀಕ್ಷೆಯ ಬಲವೇನು, ಮಿತಿಯೇನು ಎಂಬುದನ್ನು ತಿಳಿದಿರುವುದು ಪ್ರತಿಯೊಂದು ಕುಟುಂಬಕ್ಕೂ ಒಳ್ಳೆಯದು.

ಎಲ್ಲ ಗಂತಿಯೂ ಕ್ಯಾನ್ಸರ್ ಅಲ್ಲ

ಮೂಳೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಒಣಗಿದ, ಬಿಳಿಯ, ಕಲ್ಲಿನಂಥ ವಸ್ತು. ಆದರೆ ಜೀವಂತ ಶರೀರದಲ್ಲಿರುವ ಮೂಳೆ ಹಾಗಿಲ್ಲ. ಅದರಲ್ಲಿ ರಕ್ತ ಹರಿಯುತ್ತದೆ, ಹಳೆಯ ಭಾಗ ಕರಗಿ ಹೊಸ ಭಾಗ ಹುಟ್ಟುತ್ತಿರುತ್ತದೆ, ಒಳಗಿನ ಮಜ್ಜೆಯಲ್ಲಿ ರಕ್ತಕಣಗಳು ತಯಾರಾಗುತ್ತಿರುತ್ತವೆ. ಇಷ್ಟೊಂದು ಚಟುವಟಿಕೆ ಇರುವ ಕಡೆ ಆಗಾಗ್ಗೆ ಬೆಳವಣಿಗೆ ದಾರಿ ತಪ್ಪುವುದು ಸಹಜ. ಹಾಗೆ ದಾರಿ ತಪ್ಪಿದ ಬೆಳವಣಿಗೆಯೇ ಗಂತಿ.

ಮೂಳೆಯಲ್ಲಿ ಹುಟ್ಟುವ ಗಂತಿಗಳಲ್ಲಿ ಹೆಚ್ಚಿನವು ಸೌಮ್ಯ ಸ್ವರೂಪದವು. ಅವು ಹುಟ್ಟಿದ ಜಾಗದಲ್ಲಿಯೇ ಇರುತ್ತವೆ. ಶ್ವಾಸಕೋಶಕ್ಕೋ ಬೇರೆ ಅಂಗಕ್ಕೋ ಸಾಮಾನ್ಯವಾಗಿ ಹರಡುವುದಿಲ್ಲ. ಮೂಳೆಯ ಮೇಲೆ ಮೊಳಕೆಯಂತೆ ಹೊರಚಾಚಿ, ತುದಿಯಲ್ಲಿ ಮೃದ್ವಸ್ಥಿಯ ಟೋಪಿ ಹೊತ್ತಿರುವ 'ಆಸ್ಟಿಯೋಕಾಂಡ್ರೋಮ' ಇವುಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು. ಮಕ್ಕಳ ಕಾಲಿನ ಎಕ್ಸ್-ರೇಯನ್ನು ಬೇರೆ ಯಾವುದೋ ಕಾರಣಕ್ಕೆ ತೆಗೆದಾಗ ಆಕಸ್ಮಿಕವಾಗಿ ಕಣ್ಣಿಗೆ ಬೀಳುವ 'ನಾನ್ ಆಸಿಫೈಯಿಂಗ್ ಫೈಬ್ರೋಮ' ಎಂಬುದು ಯಾವ ಚಿಕಿತ್ಸೆಯೂ ಇಲ್ಲದೆ ವರ್ಷಗಳು ಉರುಳಿದಂತೆ ತಾನೇ ತುಂಬಿಕೊಂಡು ಮಾಯವಾಗುತ್ತದೆ. ನೀರು ತುಂಬಿದ ಗುಳ್ಳೆಯಂಥ ಸರಳ ಸಿಸ್ಟ್, ರಕ್ತ ತುಂಬಿದ ಗುಳ್ಳೆಗಳಿರುವ 'ಅನ್ಯೂರಿಸ್ಮಲ್ ಸಿಸ್ಟ್', ಇಪ್ಪತ್ತರಿಂದ ನಲವತ್ತರ ವಯಸ್ಸಿನಲ್ಲಿ ಮಂಡಿಯ ಸುತ್ತ ಕಂಡುಬರುವ 'ಜಯಂಟ್ ಸೆಲ್' ಗಂತಿ ಇವೂ ಸೌಮ್ಯ ಗುಂಪಿಗೇ ಸೇರಿದವು. ಸೌಮ್ಯ ಎಂದ ಮಾತ್ರಕ್ಕೆ ಕಡೆಗಣಿಸುವಂತಿಲ್ಲ. ಜಯಂಟ್ ಸೆಲ್ ಗಂತಿ ಮೂಳೆಯನ್ನು ತಿಂದು ಟೊಳ್ಳು ಮಾಡುತ್ತದೆ, ತೆಗೆದ ಮೇಲೂ ಮರುಕಳಿಸಬಹುದು.

ಮೂಳೆಯಲ್ಲಿಯೇ ಹುಟ್ಟುವ ಮಾರಕ ಗಂತಿಗಳು ವಿರಳ. ಎಲ್ಲ ಬಗೆಯ ಕ್ಯಾನ್ಸರುಗಳನ್ನು ಒಟ್ಟು ಸೇರಿಸಿದರೆ ಇವುಗಳ ಪಾಲು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಆದರೆ ಬರುವುದು ಬೆಳೆಯುವ ಮಕ್ಕಳಲ್ಲಿ ಎಂಬುದೇ ಸಂಕಟ. 'ಆಸ್ಟಿಯೋಸಾರ್ಕೋಮ' ಹೆಚ್ಚಾಗಿ 10ರಿಂದ 20 ವರ್ಷದೊಳಗೆ, ಮೈಮೂಳೆ ರಭಸದಿಂದ ಬೆಳೆಯುವ ಕಾಲದಲ್ಲಿ, ತೊಡೆಮೂಳೆಯ ಕೆಳತುದಿ, ಮೊಣಕಾಲ ಕೆಳಗಿನ ಮೂಳೆಯ ಮೇಲ್ತುದಿ ಅಥವಾ ತೋಳಿನ ಮೂಳೆಯ ಮೇಲ್ತುದಿಯಲ್ಲಿ ಕಾಣಿಸಿಕೊಳ್ಳುತ್ತದೆ. 'ಯೂಯಿಂಗ್ ಸಾರ್ಕೋಮ' ಕೂಡ ಮಕ್ಕಳನ್ನೂ ಯುವಕರನ್ನೂ ಹಿಡಿಯುವಂಥದು. ಉದ್ದ ಮೂಳೆಗಳ ನಡುಭಾಗವೂ ಸೊಂಟದ ಮೂಳೆಯೂ ಇದರ ನೆಲೆ. ಜ್ವರವೂ ಸೇರಿಕೊಂಡು ಇದು ಮೂಳೆಯ ಕೀವಿನ ಸೋಂಕಿನಂತೆಯೇ ನಟಿಸಬಹುದು. ನಲವತ್ತು ದಾಟಿದವರಲ್ಲಿ 'ಕಾಂಡ್ರೋಸಾರ್ಕೋಮ' ಬರುತ್ತದೆ.

ಇನ್ನೊಂದು ಸಂಗತಿ. ನಡುವಯಸ್ಸು ದಾಟಿದವರ ಮೂಳೆಯಲ್ಲಿ ಕ್ಯಾನ್ಸರ್ ಕಂಡರೆ ಅದು ಮೂಳೆಯಲ್ಲಿ ಹುಟ್ಟಿದ್ದಕ್ಕಿಂತ, ಸ್ತನ, ಶ್ವಾಸಕೋಶ, ಪ್ರಾಸ್ಟೇಟ್, ಥೈರಾಯ್ಡ್ ಅಥವಾ ಮೂತ್ರಪಿಂಡದಿಂದ ಹರಡಿ ಬಂದದ್ದಾಗಿರುವ ಸಂಭವವೇ ಹೆಚ್ಚು. ಮಜ್ಜೆಯ ಕ್ಯಾನ್ಸರ್ ಆದ ಮೈಲೋಮವನ್ನೂ ಆಗ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ನೋವಿನ ಮಾತು ಕೇಳಿ

ಯಾವ ಯಂತ್ರಕ್ಕಿಂತಲೂ ಮೊದಲು ಸುಳಿವು ಕೊಡುವುದು ನೋವು. ಬೆಳೆಯುವ ಮಕ್ಕಳು ರಾತ್ರಿ ಕಾಲುನೋವೆಂದು ಅಳುವುದು ಹೊಸದೇನಲ್ಲ. ಆ ನೋವು ಸಾಮಾನ್ಯವಾಗಿ ಎರಡೂ ಕಾಲುಗಳಲ್ಲಿರುತ್ತದೆ, ಅಮ್ಮ ಸ್ವಲ್ಪ ಹೊತ್ತು ಕಾಲೊತ್ತಿದರೆ ಮಗು ನಿದ್ದೆ ಹೋಗುತ್ತದೆ, ಬೆಳಗಾದರೆ ಏನೂ ಆಗದಂತೆ ಓಡಾಡುತ್ತದೆ. ಬಾವು ಇರುವುದಿಲ್ಲ, ಕುಂಟುವುದಿಲ್ಲ.

ಅದೇ ನೋವು ಒಂದೇ ಕಾಲಿನ ಒಂದೇ ಜಾಗದಲ್ಲಿ ಪಟ್ಟು ಹಿಡಿದು ಕುಳಿತರೆ, ವಿಶ್ರಾಂತಿ ಪಡೆದರೂ ಇಳಿಯದಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಅಲ್ಲಿ ಬಾವೋ ಗಟ್ಟಿಯಾದ ಉಬ್ಬೋ ಕೈಗೆ ಸಿಕ್ಕಿದರೆ ಎಚ್ಚರ ವಹಿಸಬೇಕು. ಪೆಟ್ಟಿನ ನೋವು ದಿನದಿನಕ್ಕೆ ಇಳಿಯುತ್ತದೆ. ವಾರ ವಾರಕ್ಕೆ ಏರುವ ನೋವು ಪೆಟ್ಟಿನದಲ್ಲ. ಸಣ್ಣಗೆ ಎಡವಿದ್ದಕ್ಕೇ ಮೂಳೆ ಮುರಿದರೂ ಅದರ ಹಿಂದೆ ಏನೋ ಇದೆ ಎಂದೇ ತಿಳಿಯಬೇಕು.

ಕೆನಡಾದ ಟೆರಿ ಫಾಕ್ಸ್‌ನ ಕಥೆ ಇಲ್ಲಿ ನೆನೆಯತಕ್ಕದ್ದು. 1976ರ ನವೆಂಬರಿನಲ್ಲಿ ಕಾರು ಅಪಘಾತವೊಂದರಲ್ಲಿ ಈ ತರುಣನ ಬಲಮಂಡಿಗೆ ಪೆಟ್ಟಾಯಿತು. ಮುಂದಿನ ತಿಂಗಳು ಮಂಡಿ ನೋಯತೊಡಗಿದಾಗ, ಬ್ಯಾಸ್ಕೆಟ್‌ಬಾಲ್ ಪಂದ್ಯಗಳು ಮುಗಿಯಲಿ ಎಂದು ಆತ ಸುಮ್ಮನಿದ್ದ. 1977ರ ಮಾರ್ಚಿನಲ್ಲಿ ಪರೀಕ್ಷಿಸಿದಾಗ ಅದು ಆಸ್ಟಿಯೋಸಾರ್ಕೋಮ. ಹದಿನೆಂಟರ ಹುಡುಗನ ಕಾಲನ್ನು ಮಂಡಿಯ ಮೇಲಿಂದ ತೆಗೆಯಬೇಕಾಯಿತು. ಬದುಕುಳಿಯುವ ಸಂಭವ ಶೇ 50. ಎರಡು ವರ್ಷ ಹಿಂದೆ ಆಗಿದ್ದರೆ ಶೇ 15 ಮಾತ್ರ ಎಂದು ಆತನಿಗೆ ತಿಳಿಸಲಾಗಿತ್ತು. ಕೃತಕ ಕಾಲಿನಲ್ಲಿ 1980ರಲ್ಲಿ 143 ದಿನಗಳ ಕಾಲ 5,373 ಕಿಲೋಮೀಟರ್ ಓಡಿ, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಿದ. ಆದರೆ ರೋಗ ಶ್ವಾಸಕೋಶಕ್ಕೆ ಹರಡಿ 1981ರ ಜೂನ್ 28ರಂದು ಕೊನೆಯುಸಿರೆಳೆದ. ಪೆಟ್ಟಿನಿಂದ ಕ್ಯಾನ್ಸರ್ ಹುಟ್ಟುವುದಿಲ್ಲ. ಆದರೆ 'ಪೆಟ್ಟಿನ ನೋವಿರಬೇಕು' ಎಂಬ ಸಮಾಧಾನ ನಿಜವಾದ ರೋಗಕ್ಕೆ ಪರದೆ ಹಾಕಿಬಿಡುತ್ತದೆ.

ಮೊದಲ ಮೆಟ್ಟಿಲು ಎಕ್ಸ್-ರೇ

'ಎಂ.ಆರ್.ಐ. ಇರುವಾಗ ಈ ಹಳೆಯ ಎಕ್ಸ್-ರೇ ಏಕೆ?' ಎಂದು ಕೇಳುವವರಿದ್ದಾರೆ. ಮೂಳೆಗಂತಿಯ ಮಟ್ಟಿಗೆ, ಸೌಮ್ಯವೋ ಮಾರಕವೋ ಎಂಬುದನ್ನು ಊಹಿಸಲು ಇಂದಿಗೂ ಮೊದಲ ಸ್ಥಾನ ಸಾಧಾರಣ ಎಕ್ಸ್-ರೇಗೇ. ನಿಧಾನವಾಗಿ ಬೆಳೆಯುವ ಸೌಮ್ಯ ಗಂತಿಯ ಸುತ್ತ ಮೂಳೆಗೆ ಬೇಲಿ ಕಟ್ಟಿಕೊಳ್ಳಲು ಪುರಸೊತ್ತು ಸಿಗುತ್ತದೆ. ಅದರಿಂದಾಗಿ ಗಂತಿಯ ಅಂಚು ಪೆನ್ಸಿಲಿನಲ್ಲಿ ಗೆರೆ ಎಳೆದಷ್ಟು ಸ್ಪಷ್ಟ. ರಭಸದಿಂದ ಬೆಳೆಯುವ ಮಾರಕ ಗಂತಿ ಬೇಲಿ ಕಟ್ಟಲು ಬಿಡುವುದಿಲ್ಲ. ಗಂತಿ ಎಲ್ಲಿ ಮುಗಿಯಿತು, ಒಳ್ಳೆಯ ಮೂಳೆ ಎಲ್ಲಿ ಶುರುವಾಯಿತು ಎಂಬುದು ತಿಳಿಯದಂತೆ, ಗೆದ್ದಲು ತಿಂದ ಮರದಂತೆ ಕಾಣುತ್ತದೆ. ಮೂಳೆಪೊರೆ ಮೇಲೆದ್ದು ಸೂರ್ಯಕಿರಣಗಳಂತೆ ಗೆರೆಗಳು ಹೊರಟಿದ್ದರೆ, ಅಥವಾ ಈರುಳ್ಳಿಯ ಪದರಗಳಂತೆ ಒಂದರ ಮೇಲೊಂದು ಹೊಸ ಮೂಳೆ ಹಾಸಿದ್ದರೆ ವೈದ್ಯರ ಹುಬ್ಬು ಮೇಲೇರುತ್ತದೆ.

ರೋಗಿಯ ವಯಸ್ಸು, ಗಂತಿ ಇರುವ ಜಾಗ, ಎಕ್ಸ್-ರೇ ಈ ಮೂರನ್ನು ಸೇರಿಸಿಯೇ ಅನೇಕ ಸೌಮ್ಯ ಗಂತಿಗಳನ್ನು ನಿಶ್ಚಯವಾಗಿ ಗುರುತಿಸಬಹುದು. ಅಂಥವಕ್ಕೆ ಎಂ.ಆರ್.ಐ. ಬೇಕಿಲ್ಲ, ಬಯಾಪ್ಸಿಯೂ ಬೇಕಿಲ್ಲ. ಆದ್ದರಿಂದ ವೈದ್ಯರು 'ಇದಕ್ಕೆ ಸ್ಕ್ಯಾನ್ ಅವಶ್ಯವಿಲ್ಲ, ಕೆಲವು ತಿಂಗಳ ನಂತರ ಮತ್ತೊಂದು ಎಕ್ಸ್-ರೇ ತೆಗೆಸೋಣ' ಎಂದರೆ, ಅವರು ಅಸಡ್ಡೆ ಮಾಡುತ್ತಿದ್ದಾರೆಂದು ತಿಳಿಯಬೇಡಿ.

ಈ ಯಂತ್ರ ಹುಟ್ಟಿದ್ದೇ ಈ ಪ್ರಶ್ನೆಯಿಂದ

ಎಂ.ಆರ್.ಐ. ಎಂದರೆ ಕಾಂತೀಯ ಅನುರಣನ ಚಿತ್ರಣ. ನಮ್ಮ ದೇಹದ ಬಹುಪಾಲು ನೀರು. ನೀರಿನಲ್ಲಿಯೂ ಕೊಬ್ಬಿನಲ್ಲಿಯೂ ಜಲಜನಕದ ಪರಮಾಣುಗಳಿವೆ. ಅವುಗಳ ನಡುಬೀಜ ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ. ಬಲವಾದ ಕಾಂತದೊಳಗೆ ದೇಹವನ್ನಿಟ್ಟು, ರೇಡಿಯೋ ತರಂಗಗಳಿಂದ ಈ ಬೀಜಗಳನ್ನು ತಟ್ಟಿ ಎಬ್ಬಿಸಿ, ಅವು ಮತ್ತೆ ಮೊದಲಿನ ಸ್ಥಿತಿಗೆ ಮರಳುವಾಗ ಹೊರಡಿಸುವ ಸಂಕೇತವನ್ನು ಹಿಡಿದು ಕಂಪ್ಯೂಟರ್ ಚಿತ್ರ ಬರೆಯುತ್ತದೆ. ಎಕ್ಸ್-ರೇ, ಸಿ.ಟಿ. ಸ್ಕ್ಯಾನುಗಳಲ್ಲಿರುವ ವಿಕಿರಣ ಇದರಲ್ಲಿ ಇಲ್ಲ.

1971ರಲ್ಲಿ ಅಮೆರಿಕದ ವೈದ್ಯ ರೇಮಂಡ್ ಡಮೇಡಿಯನ್ ಇಲಿಗಳ ಅಂಗಾಂಶಗಳನ್ನು ಪರೀಕ್ಷಿಸಿ, ಗಂತಿಯ ಅಂಗಾಂಶದಲ್ಲಿ ಹೀಗೆ ಮರಳುವ ಅವಧಿ ಆರೋಗ್ಯವಂತ ಅಂಗಾಂಶದಲ್ಲಿರುವುದಕ್ಕಿಂತ ದೀರ್ಘ ಎಂದು ತೋರಿಸಿದರು. ಚಾಕು ಹಾಕದೆ, ಸೂಜಿ ಚುಚ್ಚದೆ, ಹೊರಗಿನಿಂದಲೇ ಕ್ಯಾನ್ಸರನ್ನು ಪತ್ತೆ ಹಚ್ಚಬೇಕೆಂಬ ಕನಸು ಅವರದು. 1973ರಲ್ಲಿ ಪಾಲ್ ಲಾಟರ್‌ಬರ್ ಈ ಸಂಕೇತಗಳಿಂದ ಚಿತ್ರ ಮೂಡಿಸುವ ವಿಧಾನ ಪ್ರಕಟಿಸಿದರು. ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಅದಕ್ಕೆ ಗಣಿತದ ಬಲವನ್ನೂ ವೇಗವನ್ನೂ ತಂದುಕೊಟ್ಟರು. 1977ರ ಜುಲೈ 3ರಂದು ಡಮೇಡಿಯನ್ ತಂಡ ಮನುಷ್ಯನ ಎದೆಯ ಒಂದು ಚಿತ್ರ ತೆಗೆಯಲು ಐದು ಗಂಟೆಗಳ ಹತ್ತಿರ ಹತ್ತಿರ ಹಿಡಿಯಿತು. 2003ರ ವೈದ್ಯಕೀಯ ನೊಬೆಲ್ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡರಿಗೆ ಸಂದಿತು. ಡಮೇಡಿಯನ್‌ಗೆ ಸಿಗಲಿಲ್ಲ ಎಂಬ ವಿವಾದವೂ ಎದ್ದಿತು.

ಯಂತ್ರವೇನೋ ಅದ್ಭುತವಾಗಿ ಬೆಳೆಯಿತು. ಆದರೆ ಮೊದಲ ಕನಸು ಪೂರ್ತಿ ಕೈಗೂಡಲಿಲ್ಲ. ಸೌಮ್ಯ ಗಂತಿ, ಮಾರಕ ಗಂತಿ, ಸೋಂಕು, ಪೆಟ್ಟು ಇವೆಲ್ಲವುಗಳಲ್ಲಿಯೂ ನೀರಿನ ಅಂಶ ಹೆಚ್ಚುತ್ತದೆ. ಅವುಗಳ ಸಂಕೇತಗಳು ಒಂದರೊಡನೊಂದು ಕಲೆತುಹೋಗುತ್ತವೆ. ಆದುದರಿಂದ ಬರಿಯ ಸಂಕೇತವನ್ನು ಅಳೆದು ತೀರ್ಪು ಕೊಡಲಾಗುವುದಿಲ್ಲ. ಚಿತ್ರದ ಹತ್ತಾರು ಲಕ್ಷಣಗಳನ್ನು ತಾಳೆ ನೋಡಿ ನಿರ್ಧರಿಸಬೇಕಾಗುತ್ತದೆ.

ಎಂ.ಆರ್.ಐ. ಕೊಡುವ ಸುಳಿವುಗಳು

ಎಂ.ಆರ್.ಐ.ನಲ್ಲಿ ಒಂದೇ ಜಾಗವನ್ನು ಬೇರೆ ಬೇರೆ ಕ್ರಮದಲ್ಲಿ ಚಿತ್ರಿಸುತ್ತಾರೆ. 'ಟಿ-1' ಎಂಬ ಚಿತ್ರದಲ್ಲಿ ಕೊಬ್ಬು ಬೆಳ್ಳಗೆ ಕಾಣುತ್ತದೆ. 'ಟಿ-2'ರಲ್ಲಿ ನೀರು ಬೆಳ್ಳಗೆ ಹೊಳೆಯುತ್ತದೆ. ವಯಸ್ಕರ ಮಜ್ಜೆಯಲ್ಲಿ ಕೊಬ್ಬು ಧಾರಾಳವಾಗಿರುವುದರಿಂದ ಟಿ-1ರಲ್ಲಿ ಅದು ಬಿಳಿ. ಗಂತಿಯ ಜೀವಕೋಶಗಳು ಆ ಕೊಬ್ಬನ್ನು ಹೊರಗಟ್ಟಿ ತಾವೇ ತುಂಬಿಕೊಂಡರೆ ಆ ಜಾಗ ಕಪ್ಪಾಗುತ್ತದೆ, ಪಕ್ಕದ ಸ್ನಾಯುವಿಗಿಂತಲೂ ಕಪ್ಪಾದರೆ ಅನುಮಾನ ಬಲವಾಗುತ್ತದೆ. ಗಂತಿಯೊಳಗೆ ಕೊಬ್ಬು ಹಾಗೆಯೇ ಉಳಿದಿದ್ದರೆ ಅದು ಸಮಾಧಾನದ ಲಕ್ಷಣ. ಬೆನ್ನುಮೂಳೆಯ ಸ್ಕ್ಯಾನಿನಲ್ಲಿ ಪದೇ ಪದೇ ಕಾಣುವ 'ಹಿಮಾಂಜಿಯೋಮ' ಇಂಥದೇ ನಿರುಪದ್ರವಿ. ವರದಿಯಲ್ಲಿ ಆ ಹೆಸರು ನೋಡಿ ಗಾಬರಿಯಾಗಬೇಕಿಲ್ಲ.

ಸರಳ ಸಿಸ್ಟ್ ಆದರೆ ಒಳಗೆಲ್ಲ ಒಂದೇ ಸಮನಾದ ನೀರು, ಸುತ್ತ ತೆಳುವಾದ ಗೋಡೆ. ಅನ್ಯೂರಿಸ್ಮಲ್ ಸಿಸ್ಟಿನಲ್ಲಿ, ತಂಬಿಗೆಯಲ್ಲಿಟ್ಟ ಮಜ್ಜಿಗೆ ಕದಲದಿದ್ದರೆ ಮೇಲೆ ತಿಳಿ, ಕೆಳಗೆ ಗಟ್ಟಿಯಾಗಿ ನಿಲ್ಲುವಂತೆ, ಗುಳ್ಳೆಗಳೊಳಗಿನ ರಕ್ತ ಎರಡು ಮಟ್ಟಗಳಾಗಿ ನಿಂತಿರುವುದು ಕಾಣುತ್ತದೆ. ಆಸ್ಟಿಯೋಕಾಂಡ್ರೋಮದ ಮೃದ್ವಸ್ಥಿಯ ಟೋಪಿ ಎಷ್ಟು ದಪ್ಪವಿದೆಯೆಂದು ಎಂ.ಆರ್.ಐ. ಕರಾರುವಾಕ್ಕಾಗಿ ಅಳೆಯುತ್ತದೆ, ಬೆಳವಣಿಗೆ ನಿಂತ ವಯಸ್ಕರಲ್ಲಿ ಅದು 2 ಸೆಂಟಿಮೀಟರ್ ಮೀರಿದರೆ ಮಾರಕವಾಗಿ ತಿರುಗಿದೆಯೇ ಎಂದು ಪರಿಶೀಲಿಸಬೇಕಾಗುತ್ತದೆ. ಗಂತಿ ಮೂಳೆಯ ಹೊರಗೋಡೆ ಒಡೆದು ಮಾಂಸಖಂಡದೊಳಗೆ ಗಡ್ಡೆಯಾಗಿ ನುಗ್ಗಿದ್ದರೆ ಅದು ಮಾರಕ ಗುಂಪಿನತ್ತ ಬೆರಳು ತೋರುತ್ತದೆ.

ಜೀವಕೋಶಗಳು ಕಿಕ್ಕಿರಿದಿರುವ ಕಡೆ ನೀರಿನ ಕಣಗಳಿಗೆ ಜಾತ್ರೆಯ ಗುಂಪಿನಲ್ಲಿ ಸಿಕ್ಕವರಂತೆ ಅತ್ತಿತ್ತ ಅಲುಗಾಡಲು ಜಾಗವಿರುವುದಿಲ್ಲ. 'ಡಿಫ್ಯೂಷನ್' ಎಂಬ ಚಿತ್ರದಲ್ಲಿ ಇದು ತಿಳಿಯುತ್ತದೆ. ರಕ್ತನಾಳಕ್ಕೆ ಗೆಡೋಲಿನಿಯಮ್ ಔಷಧಿ ಕೊಟ್ಟು, ಗಂತಿ ಅದನ್ನು ಎಷ್ಟು ಬೇಗ ಹೀರಿಕೊಳ್ಳುತ್ತದೆ ಎಂದು ನೋಡುವುದೂ ಉಂಟು. ಮಾರಕ ಗಂತಿಗಳು ಸಾಮಾನ್ಯವಾಗಿ ಅವಸರದಿಂದ ಹೀರುತ್ತವೆ.

ವಯಸ್ಸಾದ ತಾಯಿಯ ಬೆನ್ನೆಲುಬು ಇದ್ದಕ್ಕಿದ್ದಂತೆ ಕುಸಿದಾಗಲೂ ಈ ಪರೀಕ್ಷೆ ನೆರವಿಗೆ ಬರುತ್ತದೆ. ಮೂಳೆ ಸವೆದು ಟೊಳ್ಳಾಗಿ ಕುಸಿದಿದ್ದರೆ ಮಜ್ಜೆಯ ಕೊಬ್ಬು ಅಲ್ಲಲ್ಲಿ ಉಳಿದಿರುತ್ತದೆ. ಕ್ಯಾನ್ಸರ್ ಹರಡಿ ಕುಸಿದಿದ್ದರೆ ಇಡೀ ಮೂಳೆ ಕಪ್ಪಾಗಿ, ಪಕ್ಕದ ಮೂಳೆಗಳಲ್ಲಿಯೂ ಕಲೆಗಳಿರುವ ಸಂಭವ ಹೆಚ್ಚು.

ಬೆಳ್ಳಗಿರುವುದೆಲ್ಲ ಹಾಲಲ್ಲ

ಇನ್ನು ಎಂ.ಆರ್.ಐ. ಮೋಸ ಮಾಡುವ ಸಂದರ್ಭಗಳನ್ನು ನೋಡೋಣ. 'ಆಸ್ಟಿಯಾಯ್ಡ್ ಆಸ್ಟಿಯೋಮ' ಎಂಬುದು ಒಂದು ಕಡಲೆಕಾಳಿನಷ್ಟು ಪುಟ್ಟ ಸೌಮ್ಯ ಗಂತಿ. ರಾತ್ರಿ ಹೊತ್ತು ವಿಪರೀತ ನೋಯುತ್ತದೆ, ಆಸ್ಪಿರಿನ್‌ನಂಥ ಮಾತ್ರೆಗೆ ಥಟ್ಟನೆ ಇಳಿಯುತ್ತದೆ. ಇದರ ಸುತ್ತ ಮಜ್ಜೆಯಲ್ಲಿ ಎಷ್ಟೊಂದು ನೀರೂತ ಹಬ್ಬಿರುತ್ತದೆಂದರೆ ಟಿ-2 ಚಿತ್ರದಲ್ಲಿ ಅರ್ಧ ಮೂಳೆ ಬೆಳ್ಳಗಾಗಿ ಕ್ಯಾನ್ಸರೇ ಎಂಬ ಭ್ರಮೆ ಹುಟ್ಟುತ್ತದೆ. ಇದಕ್ಕೆ ಸಿ.ಟಿ. ಸ್ಕ್ಯಾನೇ ಮೇಲು. ಓಟಗಾರರಲ್ಲಿ, ಪೊಲೀಸ್ ಅಥವಾ ಸೈನ್ಯದ ತರಬೇತಿಗೆ ಸೇರಿದ ಹುಡುಗರಲ್ಲಿ ಮೂಳೆಗೆ ದಣಿವಿನಿಂದ ಬೀಳುವ ಕೂದಲೆಳೆಯ ಬಿರುಕು, ಮೂಳೆಯ ಕೀವು, ಮೂಳೆ ಕ್ಷಯ ಇವೂ ಹೀಗೆಯೇ ವೇಷ ಹಾಕುತ್ತವೆ. ಕೀವು ತುಂಬಿದ ಕಡೆಯೂ ನೀರಿನ ಕಣಗಳು ಅಲುಗಾಡಲಾರವು. ಸೌಮ್ಯವಾದ ಜಯಂಟ್ ಸೆಲ್ ಗಂತಿಯೂ ಗೆಡೋಲಿನಿಯಮ್ಮನ್ನು ಅವಸರದಿಂದ ಹೀರುತ್ತದೆ.

ತಿರುಗಾಮುರುಗಾ ಆಗುವುದೂ ಉಂಟು. ಮೇಲೆ ಹೇಳಿದ ಎರಡು ಮಟ್ಟದ ರಕ್ತ ಸೌಮ್ಯ ಸಿಸ್ಟಿನ ಗುರುತೆಂದು ನಂಬಿ ಕೂರುವಂತಿಲ್ಲ. ಆಸ್ಟಿಯೋಸಾರ್ಕೋಮದ ಒಂದು ವಿರಳ ಬಗೆಯೂ ಹಾಗೆಯೇ ಕಾಣುತ್ತದೆ. ಬೆರಳ ತುದಿಯಷ್ಟು ವ್ಯತ್ಯಾಸವಿರುವ ಸೌಮ್ಯ ಮೃದ್ವಸ್ಥಿ ಗಂತಿಯನ್ನೂ ನಿಧಾನ ಬೆಳೆಯುವ ಕಾಂಡ್ರೋಸಾರ್ಕೋಮವನ್ನೂ ಬೇರ್ಪಡಿಸುವುದು ನುರಿತ ತಜ್ಞರಿಗೂ ಕಷ್ಟ. ಅದಕ್ಕಾಗಿಯೇ ಎಕ್ಸ್-ರೇ ಪಕ್ಕದಲ್ಲಿಟ್ಟುಕೊಳ್ಳದೆ ಎಂ.ಆರ್.ಐ. ಒಂದನ್ನೇ ನೋಡಿ ತೀರ್ಮಾನ ಹೇಳಬಾರದೆಂಬುದು ಈ ವಿಷಯದಲ್ಲಿ ಬಲ್ಲವರ ನಿಯಮ.

ವರದಿ ಕೈಗೆ ಬಂದೊಡನೆ ಅದರಲ್ಲಿನ ಪದಗಳನ್ನು ನೀವೇ ಬಿಡಿಸಿ ಹೆದರಬೇಡಿ. 'ಲೀಷನ್' ಎಂದರೆ ಸಹಜವಲ್ಲದ ಜಾಗ ಎಂದಷ್ಟೇ ಅರ್ಥ. 'ಮ್ಯಾರೋ ಎಡೀಮ' ಎಂದರೆ ಮಜ್ಜೆಯ ನೀರೂತ. 'ನಿಯೋಪ್ಲಾಸಂ' ಎಂದರೆ ಗಂತಿ, ಅದು ಸೌಮ್ಯವೂ ಇರಬಹುದು. 'ಬಯಾಪ್ಸಿಯೊಂದಿಗೆ ತಾಳೆ ನೋಡುವುದು' ಎಂದು ಕೊನೆಗೆ ಬರೆದಿದ್ದರೆ, ಕ್ಯಾನ್ಸರ್ ಎಂದು ಬರೆದಂತಲ್ಲ. ಚಿತ್ರದಿಂದ ಇಷ್ಟು ಹೇಳಬಹುದು, ಮುಂದಿನದನ್ನು ಸೂಕ್ಷ್ಮದರ್ಶಕ ಹೇಳಲಿ ಎಂದು ಅರ್ಥ.

ಕೊನೆಯ ಮಾತು ಬಯಾಪ್ಸಿಯದು

ಅನುಮಾನ ಉಳಿದಾಗ ಗಂತಿಯ ಚೂರೊಂದನ್ನು ತೆಗೆದು ಪರೀಕ್ಷಿಸಲೇಬೇಕು. 'ಸೂಜಿ ತಾಗಿಸಿದರೆ ಕ್ಯಾನ್ಸರ್ ಹರಡುತ್ತದಂತೆ' ಎಂಬ ಭಯ ನಮ್ಮಲ್ಲಿ ಬಲವಾಗಿದೆ. ಕ್ರಮಬದ್ಧವಾಗಿ ಮಾಡಿದ ಬಯಾಪ್ಸಿಯಿಂದ ಅಂಥ ಅಪಾಯ ಬಹಳ ಕಡಿಮೆ. ಅಪಾಯವಿರುವುದು ಕ್ರಮ ತಪ್ಪಿದಾಗ. ಸೂಜಿ ಹೋದ ದಾರಿಯಲ್ಲಿ ಗಂತಿಯ ಕಣಗಳು ಉಳಿದಿರಬಹುದಾದ್ದರಿಂದ, ಮುಂದಿನ ಶಸ್ತ್ರಕ್ರಿಯೆಯಲ್ಲಿ ಆ ದಾರಿಯನ್ನೂ ಸೇರಿಸಿ ಕತ್ತರಿಸಿ ತೆಗೆಯಬೇಕು. ಅಡ್ಡಾದಿಡ್ಡಿಯಾಗಿ ಕೊಯ್ದಿದ್ದರೆ, ಉಳಿಯಬಹುದಾಗಿದ್ದ ಕಾಲೂ ಹೋದೀತು.

ಅಮೆರಿಕದ ಮೂಳೆತಜ್ಞ ಹೆನ್ರಿ ಮ್ಯಾಂಕಿನ್ ಮತ್ತು ಸಂಗಡಿಗರು 1982ರಲ್ಲಿ 329 ರೋಗಿಗಳ ಬಯಾಪ್ಸಿಗಳನ್ನು ಪರಿಶೀಲಿಸಿದಾಗ, ಶೇ 18ರಷ್ಟು ಮಂದಿಯಲ್ಲಿ ರೋಗನಿದಾನವೇ ದೊಡ್ಡದಾಗಿ ತಪ್ಪಿತ್ತು. ನೂರಕ್ಕೆ ನಾಲ್ಕೈದು ಮಂದಿ ಅನಗತ್ಯವಾಗಿ ಕೈಯನ್ನೋ ಕಾಲನ್ನೋ ಕಳೆದುಕೊಂಡಿದ್ದರು. 1996ರಲ್ಲಿ 597 ರೋಗಿಗಳನ್ನು ಪರಿಶೀಲಿಸಿದಾಗಲೂ ರೋಗನಿದಾನದ ತಪ್ಪು ಹೆಚ್ಚು ತಗ್ಗಿರಲಿಲ್ಲ. ಮುಂದೆ ಚಿಕಿತ್ಸೆ ಕೊಡುವ ಕೇಂದ್ರದಲ್ಲಿ ಮಾಡಿದ ಬಯಾಪ್ಸಿಗಿಂತ ಬೇರೆ ಕಡೆ ಮಾಡಿದ್ದರಲ್ಲಿ ತೊಂದರೆ ಹಲವು ಪಟ್ಟು ಹೆಚ್ಚಿತ್ತು.

ಆದ್ದರಿಂದ ಎರಡು ಮಾತು ನೆನಪಿಡಿ. ಒಂದು, ಎಂ.ಆರ್.ಐ. ಮೊದಲು, ಬಯಾಪ್ಸಿ ಆಮೇಲೆ. ಚೂರು ತೆಗೆದ ನಂತರ ರಕ್ತಸ್ರಾವ ಮತ್ತು ಊತದಿಂದ ಚಿತ್ರ ಕಲಸಿಹೋಗುತ್ತದೆ. ಎರಡು, ಮುಂದೆ ಶಸ್ತ್ರಕ್ರಿಯೆ ಮಾಡುವ ವೈದ್ಯರೇ, ಅಥವಾ ಅವರು ಗೆರೆ ಹಾಕಿಕೊಟ್ಟಂತೆಯೇ ಬಯಾಪ್ಸಿ ಆಗಬೇಕು. 'ಒಂದು ಚೂರು ತೆಗೆದುಬಿಡೋಣ' ಎಂದು ಯಾರಾದರೂ ಅವಸರ ಮಾಡಿದರೆ, ಈ ರೋಗದ ಚಿಕಿತ್ಸೆಯನ್ನೂ ಅವರೇ ಮಾಡುವರೇ ಎಂದು ವಿನಯದಿಂದ ವಿಚಾರಿಸಿ.

ಬಯಾಪ್ಸಿ ಕ್ಯಾನ್ಸರೆಂದು ಹೇಳಿದ ಮೇಲೂ ಎಂ.ಆರ್.ಐ.ನ ಕೆಲಸ ಮುಗಿಯುವುದಿಲ್ಲ. ಅದರ ನಿಜವಾದ ಹಿರಿಮೆ ಇರುವುದೇ ಇಲ್ಲಿ. ಗಂತಿ ಮಜ್ಜೆಯಲ್ಲಿ ಎಷ್ಟು ಉದ್ದಕ್ಕೆ ಹಬ್ಬಿದೆ, ಕೀಲಿನೊಳಗೆ ಹೋಗಿದೆಯೆ, ಮುಖ್ಯ ರಕ್ತನಾಳವನ್ನೂ ನರವನ್ನೂ ಸುತ್ತಿಕೊಂಡಿದೆಯೆ, ಅದೇ ಮೂಳೆಯ ಮತ್ತೊಂದೆಡೆ ಸಣ್ಣ ಗಂತಿ ಅಡಗಿದೆಯೆ ಎಂಬುದನ್ನು ಇಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸದು. ಇದಕ್ಕಾಗಿ ಗಂತಿಯ ಜಾಗವನ್ನಷ್ಟೇ ಅಲ್ಲ, ಇಡೀ ಮೂಳೆಯನ್ನು ಚಿತ್ರಿಸಬೇಕು. ಎಲ್ಲಿ ಕತ್ತರಿಸಬೇಕು, ಕಾಲು ಉಳಿಸಬಹುದೆ ಎಂಬುದೆಲ್ಲ ಈ ಚಿತ್ರದ ಮೇಲೆಯೇ ನಿಂತಿದೆ. ಶ್ವಾಸಕೋಶಕ್ಕೆ ಹರಡಿದೆಯೇ ಎಂದು ತಿಳಿಯಲು ಮಾತ್ರ ಎದೆಯ ಸಿ.ಟಿ. ಬೇಕು.

ಸ್ಕ್ಯಾನಿನ ದಿನ

ಸಾಮಾನ್ಯವಾಗಿ ಬಳಕೆಯಲ್ಲಿರುವ 1.5 ಟೆಸ್ಲಾ ಯಂತ್ರದ ಕಾಂತಬಲ ಭೂಮಿಯ ಕಾಂತಬಲದ ಸುಮಾರು 30,000 ಪಟ್ಟು. ಅದು ಸದಾ ಚಾಲೂ ಇರುತ್ತದೆ. 2018ರ ಜನವರಿಯಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಒಳಹೋದ ಯುವಕನನ್ನು ಯಂತ್ರ ಸೆಳೆದುಕೊಂಡು ಆತ ಪ್ರಾಣ ಕಳೆದುಕೊಂಡ. ಆದ್ದರಿಂದ ಸಿಬ್ಬಂದಿ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿ. ಸರ, ಬಳೆ, ಓಲೆ, ಹೇರ್‌ಪಿನ್ನು, ಸೇಫ್ಟಿಪಿನ್ನು, ಉಡಿದಾರದ ತಾಯಿತ, ಕೈಗಡಿಯಾರ, ಮೊಬೈಲು ಎಲ್ಲವನ್ನೂ ಹೊರಗೇ ಬಿಡಿ. ಹೃದಯದ ಪೇಸ್‌ಮೇಕರ್, ಮಿದುಳಿನ ಕ್ಲಿಪ್, ಕಿವಿಯ ಕಾಕ್ಲಿಯರ್ ಉಪಕರಣ, ಹಳೆಯ ಮೂಳೆಮುರಿತಕ್ಕೆ ಹಾಕಿದ ರಾಡು, ಕಣ್ಣಿಗೆ ಸಿಡಿದ ಕಬ್ಬಿಣದ ಚೂರು ಇದ್ದರೆ ಮೊದಲೇ ತಿಳಿಸಿ. ಗರ್ಭಿಣಿಯರೂ ಮೂತ್ರಪಿಂಡದ ತೊಂದರೆ ಇರುವವರೂ ಹೇಳಲೇಬೇಕು.

ಪರೀಕ್ಷೆಗೆ ಅರ್ಧದಿಂದ ಒಂದು ಗಂಟೆ ಹಿಡಿಯಬಹುದು. ನೋವಿಲ್ಲ, ಆದರೆ ಸುತ್ತಿಗೆ ಬಡಿದಂತೆ ಸದ್ದು. ಅಲುಗಾಡಿದರೆ ಚಿತ್ರ ಕೆಡುತ್ತದೆ. ಮಗುವಿಗೆ ಹಿಂದಿನ ದಿನವೇ ವಿವರಿಸಿ ಧೈರ್ಯ ತುಂಬಿ. ಹಳೆಯ ಎಕ್ಸ್-ರೇಗಳನ್ನು ತಪ್ಪದೆ ಕೊಂಡೊಯ್ಯಿರಿ, ಹೊಸ ಚಿತ್ರಗಳ ಫಿಲ್ಮನ್ನೂ ಸಿ.ಡಿ.ಯನ್ನೂ ಜೋಪಾನವಾಗಿಡಿ. ಬೇರೆ ವೈದ್ಯರಿಗೆ ಬೇಕಾಗುವುದು ವರದಿಯ ಕಾಗದವಲ್ಲ, ಚಿತ್ರಗಳು.

ಎಣ್ಣೆ, ಪಟ್ಟು, ಕಟ್ಟು

ನಮ್ಮಲ್ಲಿ ಮೂಳೆನೋವೆಂದರೆ ಮೊದಲು ನೆನಪಾಗುವುದು ನಾಟಿ ವೈದ್ಯರ ಎಣ್ಣೆ ಮತ್ತು ಕಟ್ಟು. ಉಳುಕಿಗೆ ಅದರಿಂದ ಸಮಾಧಾನ ಸಿಗಬಹುದು. ಆದರೆ ಬಾವು ಬಂದಿರುವ, ಕಾರಣ ತಿಳಿಯದ ಮೂಳೆಯನ್ನು ಉಜ್ಜುವುದು, ನೀವುವುದು, ಬಿಗಿದು ಕಟ್ಟುವುದು ಖಂಡಿತ ಸಲ್ಲದು. ಗಂತಿಯಿದ್ದರೆ ಮೂಳೆ ಮುರಿದೀತು, ರೋಗ ಸುತ್ತಲಿನ ಮಾಂಸಕ್ಕೆ ಹಬ್ಬೀತು. ಅದಕ್ಕಿಂತ ಹೆಚ್ಚಾಗಿ, ಮೂರು ಕಟ್ಟು, ಐದು ಕಟ್ಟು ಎನ್ನುತ್ತ ಕಳೆದುಹೋಗುವ ತಿಂಗಳುಗಳನ್ನು ಯಾರೂ ಮರಳಿ ಕೊಡಲಾರರು. ಎಣ್ಣೆ ಹಚ್ಚುವ ಮೊದಲು ಒಂದು ಎಕ್ಸ್-ರೇ ತೆಗೆಸಿ.

ಕ್ಯಾನ್ಸರೆಂದೇ ತೀರ್ಮಾನವಾದರೂ ಕಾಲ ಟೆರಿ ಫಾಕ್ಸ್‌ನ ದಿನಗಳಂತಿಲ್ಲ. ಆಸ್ಟಿಯೋಸಾರ್ಕೋಮಕ್ಕೆ ಮೊದಲು ಕೆಲವು ವಾರ ಔಷಧ ಚಿಕಿತ್ಸೆ, ಆಮೇಲೆ ಶಸ್ತ್ರಕ್ರಿಯೆ, ಮತ್ತೆ ಔಷಧ. ಬೇರೆಡೆಗೆ ಹರಡುವ ಮೊದಲೇ ಬಂದು ಪೂರ್ಣ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 60ರಿಂದ 70 ಮಂದಿ ಐದು ವರ್ಷ ದಾಟಿ ಬಾಳುತ್ತಾರೆ. ರೋಗದ ಮೂಳೆಯನ್ನಷ್ಟೇ ತೆಗೆದು ಲೋಹದ ಕೀಲು ಜೋಡಿಸಿ ಕಾಲುಳಿಸುವ ಶಸ್ತ್ರಕ್ರಿಯೆ ಈಗ ಬಹುತೇಕ ರೋಗಿಗಳಿಗೆ ಸಾಧ್ಯ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸಂಸ್ಥೆಯಂಥ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಮೂಳೆತಜ್ಞ, ವಿಕಿರಣ ತಜ್ಞ, ಪೆಥಾಲಜಿ ತಜ್ಞ ಎಲ್ಲರೂ ಒಂದೆಡೆ ಸಿಗುತ್ತಾರೆ. ಖರ್ಚಿನ ಬಗ್ಗೆ ಎದೆಗುಂದದೆ, ರೇಷನ್ ಕಾರ್ಡ್ ಮತ್ತು ಆಧಾರ್ ಕೊಂಡೊಯ್ದು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಏನು ಸೌಲಭ್ಯವಿದೆಯೆಂದು ಆಸ್ಪತ್ರೆಯ ಕೌಂಟರಿನಲ್ಲಿ ವಿಚಾರಿಸಿ.

ಎಂ.ಆರ್.ಐ. ಯಂತ್ರಕ್ಕೆ ತೀರ್ಪು ಕೊಡುವ ಶಕ್ತಿ ಇಲ್ಲ, ಸಾಕ್ಷಿ ಹೇಳುವ ಶಕ್ತಿ ಇದೆ. ಎಕ್ಸ್-ರೇ, ಬಯಾಪ್ಸಿ ಮತ್ತು ವೈದ್ಯರ ಅನುಭವ ಇವುಗಳೊಡನೆ ಕೂಡಿದಾಗ ಅದರ ಸಾಕ್ಷ್ಯಕ್ಕೆ ಬೆಲೆ. ಆ ಸಾಕ್ಷ್ಯ ಸಕಾಲಕ್ಕೆ ಸಿಗುವಂತೆ ಮಾಡುವುದು ಮಾತ್ರ ಮನೆಯವರ ಕೈಯಲ್ಲಿದೆ. ಒಂದೇ ಜಾಗದಲ್ಲಿ ಎರಡು ಮೂರು ವಾರ ಬಿಡದೆ ಕಾಡುವ ಮೂಳೆನೋವನ್ನು, ಅದರಲ್ಲಿಯೂ ರಾತ್ರಿ ಎಬ್ಬಿಸುವ ನೋವನ್ನು, ವೈದ್ಯರಿಗೆ ತೋರಿಸಿ. ಹತ್ತರಲ್ಲಿ ಒಂಬತ್ತು ಸಲ ನಗುತ್ತಾ ಮನೆಗೆ ಮರಳಿದರೂ, ಆ ಹತ್ತನೆಯ ಸಲಕ್ಕಾಗಿ ಹೋಗಿ ಬಂದದ್ದು ವ್ಯರ್ಥವಲ್ಲ.